ಅರ್ಜಿ ಇಲ್ಲದ ಸಾಲ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಅಷ್ಟೂ ವರ್ಷ ಸಂಬಳ ಯಾವತ್ತು ಬರುತ್ತದೆ ಎಂದು ನಾನು ಯಾರನ್ನೂ ಕೇಳಿದವನಲ್ಲ. ತಿಂಗಳ ಕೊನೆಗೆ ಅದು ತಾನಾಗಿಯೇ ಖಾತೆಗೆ ಬಂದು ಕೂತಿರುತ್ತಿತ್ತು. ಹಾಲಿನವನಿಗೆ ಇಷ್ಟು, ಪೇಪರಿನವನಿಗೆ ಇಷ್ಟು, ಬಾಡಿಗೆಗೆ ಇಷ್ಟು ಎಂದು ಹಳೆಯ ಕವರುಗಳಲ್ಲಿ ಹಂಚಿಟ್ಟರೆ ಆ ತಿಂಗಳ ಚಿಂತೆ ಮುಗಿಯಿತು. ಮಾಡಿದ ಕೆಲಸದ ದುಡ್ಡಿಗಾಗಿ ಅಲೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ನೋಡಿದ್ದು ಕೌಂಟರಿನ ಒಳಗೆ, ಫ್ಯಾನಿನ ಕೆಳಗೆ ಕೂತು. ಎಪ್ಪತ್ತು ದಾಟಿದ ಮೇಲೆ ಮೊಮ್ಮಗಳ ದೆಸೆಯಿಂದ ಕೌಂಟರಿನ ಹೊರಗೆ ನಿಂತು ನೋಡುವ ಯೋಗ ಬಂತು.

ಮೊದಲು ಒಳಗಿನ ಕಥೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮೊದಲಲ್ಲಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನಗೆ ಕೆಲಸ. ನಮ್ಮ ಶಾಖೆಗೆ ಸರ್ಕಾರದ ಖಜಾನೆಯ ವ್ಯವಹಾರವೂ ಇತ್ತು. ಹಾಗಾಗಿ ಮಾರ್ಚ್ 31 ಎಂದರೆ ನಮಗೆ ಶಿವರಾತ್ರಿ ಇದ್ದಂತೆ, ಜಾಗರಣೆ. ಆ ವರ್ಷಕ್ಕೆಂದು ಮಂಜೂರಾದ ಹಣ ಆ ರಾತ್ರಿಯೊಳಗೆ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ. ಅದಕ್ಕೆ ಇಲಾಖೆಗಳೆಲ್ಲ ಕೊನೆಯ ದಿನ ಬಿಲ್ಲುಗಳನ್ನು ಪಾಸು ಮಾಡಿ ಕಳಿಸುತ್ತಿದ್ದವು. ರಾತ್ರಿ ಹತ್ತಕ್ಕೆ ಎದುರಿನ ಹೋಟೆಲಿನಿಂದ ಉಪ್ಪಿಟ್ಟು, ಕಾಫಿ ಬರುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಸಣ್ಣ ಕಂಟ್ರಾಕ್ಟರರು ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿರುತ್ತಿದ್ದರು. ರಸ್ತೆಗೆ ಮೋರಿ ಕಟ್ಟಿದವರು, ಸ್ಕೂಲಿಗೆ ಕಾಂಪೌಂಡು ಹಾಕಿದವರು. ಕೆಲಸ ಅಕ್ಟೋಬರಿನಲ್ಲೇ ಮುಗಿದಿರುತ್ತಿತ್ತು. ಇಂಜಿನಿಯರು ಬಂದು ಅಳತೆ ಪುಸ್ತಕದಲ್ಲಿ ಬರೆಯಬೇಕು, ಆ ಬಿಲ್ಲು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗಬೇಕು, ಮೇಲಿನಿಂದ ಹಣ ಬರಬೇಕು. ಅಷ್ಟರಲ್ಲಿ ಮಾರ್ಚಿ.

ಅವರಲ್ಲಿ ಒಬ್ಬರು ಪ್ರತಿ ವರ್ಷ ನವೆಂಬರಿನಲ್ಲಿ ಹೆಂಡತಿಯ ನಾಲ್ಕು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಶರಾಫರು ತೂಕ ನೋಡಿ ಬೆಲೆ ಹೇಳಿದರೆ ಒಡವೆ ಸಾಲದ ಪುಸ್ತಕದಲ್ಲಿ ಬರೆದುಕೊಳ್ಳುವವನು ನಾನು. ಆ ದುಡ್ಡು ಪೂರ್ತಿ ಕೂಲಿಗೆ ಹೋಗುತ್ತಿತ್ತು. ಒಂದು ವರ್ಷ ನಾನು ಕೇಳಿದೆ, "ಇಲಾಖೆಯವರು ದುಡ್ಡು ಕೊಟ್ಟ ಮೇಲೆ ಕೂಲಿ ಕೊಟ್ಟರಾಯಿತಲ್ಲ ಗೌಡ್ರೇ, ಯಾಕೆ ಬಳೆ ಇಡ್ತೀರಿ?" ಅವರು ಸಹಿ ಹಾಕುತ್ತಲೇ ಹೇಳಿದರು: "ಅವರಿಗೆ ಶನಿವಾರ ಸಂತೆ ಸಾರ್. ಸಂತೆ ಮಾರ್ಚಿಗೆ ಬರಲ್ಲವಲ್ಲ."

ಏಪ್ರಿಲ್ ಮೊದಲ ವಾರದಲ್ಲಿ ಬಳೆ ಬಿಡಿಸಿಕೊಂಡು ಹೋಗುತ್ತಿದ್ದರು. ಐದು ತಿಂಗಳ ಬಡ್ಡಿ ಲೆಕ್ಕ ಹಾಕಿ ಹೇಳುವವನೂ ನಾನೇ. ತಡ ಮಾಡಿದ್ದು ಇಲಾಖೆ, ಬಡ್ಡಿ ಕಟ್ಟಿದ್ದು ಬಳೆಯ ಮನೆಯವರು. ಆ ಕೆಲಸದಲ್ಲಿ ಅವರಿಗೆ ಉಳಿಯುತ್ತಿದ್ದುದರಲ್ಲಿ ಎಷ್ಟು ಪಾಲು ನಮ್ಮ ಬ್ಯಾಂಕಿಗೆ ಬರುತ್ತಿತ್ತು ಎಂಬುದು ನನಗೂ ಅವರಿಗೂ ಮಾತ್ರ ಗೊತ್ತಿತ್ತು.

ಇಲಾಖೆಯನ್ನೇ ಏನು ಅನ್ನುವುದು, ಖಾಸಗಿಯವರು ಇನ್ನೂ ಜಾಣರು. ಅವರ ಹತ್ತಿರ ಚೆಕ್ಕು ಎಂಬ ಅಸ್ತ್ರ ಇತ್ತು. ಈಗಿನ ಮಕ್ಕಳು ಫೋನನ್ನು ಚೌಕದ ಚಿತ್ರಕ್ಕೆ ತೋರಿಸಿ ದುಡ್ಡು ಕಳಿಸುವುದನ್ನು ಕಂಡಿದ್ದಾರೆ. ಆಗ ಬೇರೆ ಊರಿನ ಬ್ಯಾಂಕಿನ ಚೆಕ್ಕು ಬಂದರೆ ನಾವು ಅದನ್ನು ಅಂಚೆಯಲ್ಲಿ ಆ ಊರಿಗೆ ಕಳಿಸಿ, ಅಲ್ಲಿಂದ ಉತ್ತರ ಬರುವ ತನಕ ಕಾಯಬೇಕಿತ್ತು. ಎರಡು ವಾರ, ಮೂರು ವಾರ. ಊರಿನಲ್ಲೇ ಖಾತೆ ಇರುವ ವ್ಯಾಪಾರಿ ಬೇಕೆಂದೇ ಬೆಂಗಳೂರಿನ ಚೆಕ್ಕು ಬರೆದುಕೊಟ್ಟ ಎಂದರೆ ಮೂರು ವಾರ ದುಡ್ಡು ಅವನಲ್ಲೇ ಇರಲಿ ಎಂದು ಅರ್ಥ. ಇನ್ನು ಕೆಲವರು ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು ಮೊತ್ತ ಬರೆಯುತ್ತಿದ್ದರು. ಸಹಿಯಲ್ಲಿ ಒಂದು ಕೊಂಬು ಕಡಿಮೆ ಮಾಡುತ್ತಿದ್ದರು. ಚೆಕ್ಕು ಕೈಗೆ ಬಂದ ಬಡಪಾಯಿ ಸಂತೋಷದಿಂದ ನಮ್ಮಲ್ಲಿ ಕಟ್ಟಿ, ನಾಲ್ಕು ದಿನ ಬಿಟ್ಟು ಬಂದು "ಪಾಸಾಯ್ತಾ ಸಾರ್?" ಎಂದು ಕೇಳುವಾಗ, ವಾಪಸು ಬಂದ ಚೀಟಿಯನ್ನು ಅವನ ಕೈಗಿಡುವ ಕೆಲಸ ನನಗೆ ಎಂದೂ ಅಭ್ಯಾಸವಾಗಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸಾಲ ಕೊಟ್ಟವರಿಗಷ್ಟೇ ಅಲ್ಲ, ಕೆಲಸ ಮಾಡಿಕೊಟ್ಟವರಿಗೂ ಸಲ್ಲುತ್ತದೆ.

(ದುಡ್ಡಿಲ್ಲದ ಖಾತೆಗೆ ಚೆಕ್ಕು ಬರೆದರೆ ಜೈಲಿಗೂ ಹೋಗಬೇಕಾದೀತು ಎಂಬ ಕಾನೂನು ಬಂದದ್ದು 1989ರ ಏಪ್ರಿಲಿನಲ್ಲಿ. ಅದಾದ ಮೇಲೆ ನಮ್ಮ ಕೆಲವು ಗ್ರಾಹಕರ ಕೈಬರಹ ಇದ್ದಕ್ಕಿದ್ದಂತೆ ಸುಧಾರಿಸಿತು.)

ಈಗ ಮೊಮ್ಮಗಳ ವಿಷಯ. ಮನೆಯಲ್ಲಿ ಪುಟ್ಟಿ ಎನ್ನುತ್ತೇವೆ, ಆದರೆ 26 ವರ್ಷದವಳು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬೆಂಗಳೂರಿನಲ್ಲಿ ಒಂದು ಕೋಣೆ ಮಾಡಿಕೊಂಡು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾಳೆ. ಯಾರ ಕೈಕೆಳಗೂ ನೌಕರಿ ಇಲ್ಲ. ಒಂದೊಂದು ಕೆಲಸ ಒಬ್ಬೊಬ್ಬರಿಂದ. ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ ಎಂದು ನಾನು ನಮ್ಮ ಮನೆಯವಳಿಗೆ ವಿವರಿಸಿದಾಗ, "ಓ, ನಮ್ಮ ಗಾರೆ ಮೇಸ್ತ್ರಿ ಥರ" ಎಂದಳು. ಪುಟ್ಟಿ ನಕ್ಕಳು. ನನಗೆ ನಾಲ್ಕು ಬಳೆ ನೆನಪಾದವು.

2024ರಲ್ಲಿ ಅವಳಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಮಕ್ಕಳ ಕಥೆ ಪುಸ್ತಕ ತಯಾರಿಸುವ ಒಂದು ಕಂಪನಿಗೆ 42 ಚಿತ್ರಗಳು, ಚಿತ್ರಕ್ಕೆ 2,000 ರೂಪಾಯಿ. ಒಟ್ಟು 84,000. ಅಳಿಲು, ಆನೆ, ಒಬ್ಬ ಕುಂಬಾರ, ಅವನ ಕತ್ತೆ. ಕತ್ತೆಯ ಮುಖದಲ್ಲಿ ಅಷ್ಟು ಬುದ್ಧಿವಂತಿಕೆ ಇರುವುದನ್ನು ನಾನು ಬೇರೆ ಯಾವ ಚಿತ್ರದಲ್ಲೂ ನೋಡಿಲ್ಲ. ಮೂರು ತಿಂಗಳು ಬೇರೇನೂ ಮಾಡದೆ ಕೂತು ಬರೆದಳು. ಬಣ್ಣ ತುಂಬಲು ಸ್ನೇಹಿತೆಯೊಬ್ಬಳು ಸಹಾಯ ಮಾಡಿದಳು, ಅವಳಿಗೆ ಕೆಲಸ ಮುಗಿದ ದಿನವೇ 9,000 ತನ್ನ ಉಳಿತಾಯದಿಂದ ಕೊಟ್ಟಳು. ಆಗಸ್ಟ್ 12ಕ್ಕೆ ಚಿತ್ರಗಳನ್ನೂ ಬಿಲ್ಲನ್ನೂ ಕಳಿಸಿದಳು. ಕಂಪನಿಯ ಆದೇಶದಲ್ಲಿ 60 ದಿನಕ್ಕೆ ಹಣ ಎಂದಿತ್ತು. ಎಂದರೆ ಅಕ್ಟೋಬರ್ 11.

ನವೆಂಬರ್ ಮೂರನೇ ವಾರದಲ್ಲಿ ಪುಟ್ಟಿ ಎರಡು ದೊಡ್ಡ ಚೀಲಗಳೊಂದಿಗೆ ಮೈಸೂರಿಗೆ ಬಂದಳು. ದುಡ್ಡು ಬಂದಿರಲಿಲ್ಲ. ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದು ಮನೆ ಮಾಲೀಕರಿಗೆ ಹೇಳಿದ್ದಳು. ಮೂರನೆಯದಕ್ಕೆ ಅವರು ಒಪ್ಪಿರಲಿಲ್ಲ. "ಕೋಣೆ ಬಿಟ್ಟುಬಿಡ್ತೀನಿ ತಾತ. ಎಲ್ಲಾದರೂ ಡೇಟಾ ಎಂಟ್ರಿ ಕೆಲಸಕ್ಕೆ ಸೇರ್ಕೋತೀನಿ. ಚಿತ್ರ ಭಾನುವಾರ ಬರೀಬಹುದು" ಎಂದಳು. ಅವಳಮ್ಮ ಏನೂ ಮಾತಾಡಲಿಲ್ಲ. ಅಜ್ಜಿ ಎದ್ದು ಹೋಗಿ ದೋಸೆ ಹಿಟ್ಟು ನೋಡಿ ಬಂದಳು.

ನಾನು ಫೈಲು ಕೊಡು ಎಂದೆ. ಅವಳು ಫೋನು ಕೊಟ್ಟಳು.

ಅವಳು ಆ ಕಂಪನಿಗೆ ಐದು ಸಲ ಬರೆದಿದ್ದಳು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ, ನೀವು ಬಿಡುವಿಲ್ಲದೆ ಇರುತ್ತೀರಿ ಎಂದು ಗೊತ್ತು, ಸುಮ್ಮನೆ ಒಮ್ಮೆ ನೆನಪಿಸೋಣ ಎಂದು ಬರೆದೆ, ಅವಸರವೇನಿಲ್ಲ. ಕೊನೆಗೆ ಒಂದು ನಗುವ ಮುಖ, ಎರಡು ಜೋಡಿಸಿದ ಕೈ. ಐದು ಸಂದೇಶಗಳಲ್ಲಿ ಏಳು ಸಲ ಕ್ಷಮೆ ಕೇಳಿದ್ದಳು, ನಾನು ಎಣಿಸಿದೆ. ಯಾವುದರಲ್ಲೂ 84,000 ಎಂಬ ಅಂಕಿ ಇರಲಿಲ್ಲ.

ಆ ಕಡೆಯ ಉತ್ತರಗಳನ್ನು ಓದುವಾಗ ನನಗೆ ಹಳೆಯ ಚೆಕ್ಕುಗಳ ಜೊತೆ ವಾಪಸು ಬರುತ್ತಿದ್ದ ಚೀಟಿಗಳೇ ಕಣ್ಣಮುಂದೆ ಬಂದವು. ಮೊದಲು, ಅಕೌಂಟ್ಸ್ ವಿಭಾಗಕ್ಕೆ ಕಳಿಸಿದ್ದೇವೆ. ಆಮೇಲೆ, ಒಂದು ಫಾರಂ ತುಂಬಬೇಕಿತ್ತು, ತುಂಬಿಲ್ಲ. ತುಂಬಿದಳು. ಆಮೇಲೆ, ಒಪ್ಪಿಗೆ ಕೊಡುವವರು ರಜದಲ್ಲಿದ್ದಾರೆ. ಆಮೇಲೆ, ಈ ಸಲದ ಪಾವತಿ ತಪ್ಪಿತು, ಮುಂದಿನ ಸಲಕ್ಕೆ. ಕೊನೆಯದು ನವೆಂಬರಿನದು: ನಿಮ್ಮ ಬಿಲ್ಲು ಇನ್ನೂ ಪರಿಶೀಲನೆಯಲ್ಲಿದೆ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಿಂದೆ ಊರುಗಳಲ್ಲಿ ದೆವ್ವ ಬಾಗಿಲು ತಟ್ಟಿದರೆ ಓದಿಕೊಂಡು ಹಿಂತಿರುಗಲಿ ಎಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ದೆವ್ವ ಪಾಪ ದಿನಾ ಬರುವುದು, ದಿನಾ ಓದುವುದು, ದಿನಾ ಹೋಗುವುದು. ನಮ್ಮ ಪುಟ್ಟಿಯನ್ನು ಅವರು ದೆವ್ವ ಮಾಡಿದ್ದರು.

ಆದರೆ ಆ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗುಮಾಸ್ತನಿಗೆ ಇಂಥ ಮಾತು ಕಂಡರೆ ಲೆಡ್ಜರು ತೆಗೆದು ನೋಡುವ ತನಕ ಸಮಾಧಾನವಿಲ್ಲ.

"ಪುಟ್ಟಿ, ನಿನ್ನ 26ಎಎಸ್ ತೆಗಿ" ಎಂದೆ.

ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಕಂಪನಿ ಒಬ್ಬರಿಗೆ ಕೆಲಸದ ಹಣ ಕೊಡುವಾಗ ಅದರಲ್ಲಿ ಒಂದಿಷ್ಟನ್ನು ಮೊದಲೇ ಹಿಡಿದುಕೊಂಡು, ಅವರ ಹೆಸರಿನಲ್ಲಿ ಸರ್ಕಾರಕ್ಕೆ ತೆರಿಗೆಯಾಗಿ ಕಟ್ಟುತ್ತದೆ. ಟಿಡಿಎಸ್ ಎಂದು ಅಪ್ಪ ಅಮ್ಮ ಮಾತಾಡುವುದನ್ನು ಕೇಳಿರುತ್ತೀರಿ. ಪುಟ್ಟಿಯಂಥ ಕೆಲಸಕ್ಕೆ ನೂರಕ್ಕೆ ಹತ್ತು ರೂಪಾಯಿ. ಹಾಗೆ ಯಾರು, ಯಾವ ದಿನ, ಎಷ್ಟು ಹಿಡಿದರು ಎಂಬುದೆಲ್ಲ ಆದಾಯ ತೆರಿಗೆ ಇಲಾಖೆಯ ಒಂದು ಪಟ್ಟಿಯಲ್ಲಿ ಬರುತ್ತದೆ. ಅದೇ 26ಎಎಸ್. ನಮ್ಮ ಪ್ಯಾನ್ ನಂಬರಿನಿಂದ ನಾವೇ ತೆಗೆದು ನೋಡಬಹುದು. ನಿವೃತ್ತರಾದ ನಮ್ಮಂಥವರು ಠೇವಣಿಯ ಬಡ್ಡಿಗಾಗಿ ಅದನ್ನು ಪಂಚಾಂಗದ ಹಾಗೆ ನೋಡುತ್ತಿರುತ್ತೇವೆ. ಪುಟ್ಟಿ ಜುಲೈನಲ್ಲಿ ಒಂದು ಸಲ ಮಾತ್ರ ನೋಡುವವಳು.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ತೆರಿಗೆಯನ್ನು ಹಣ ಕೊಟ್ಟಾಗಲೇ ಹಿಡಿಯಬೇಕೆಂದಿಲ್ಲ. ಇಂಥವರಿಗೆ ಇಷ್ಟು ಕೊಡಬೇಕು ಎಂದು ಕಂಪನಿ ತನ್ನ ಪುಸ್ತಕದಲ್ಲಿ ಜಮಾ ಬರೆದುಕೊಂಡ ದಿನ, ಹಣ ಕೊಟ್ಟ ದಿನ, ಎರಡರಲ್ಲಿ ಯಾವುದು ಮೊದಲೋ ಆವತ್ತು ಹಿಡಿಯಬೇಕು.

ಪಟ್ಟಿ ತೆರೆಯಿತು. ಕಂಪನಿಯ ಹೆಸರು. ಜಮಾ ಮಾಡಿದ ಮೊತ್ತ 84,000. ದಿನಾಂಕ ಆಗಸ್ಟ್ 30. ತೆರಿಗೆ 8,400.

"ದುಡ್ಡು ಬಂದಿದೆಯಾ ತಾತ?" ಎಂದಳು.

"ಬಂದಿದೆ. ಸರ್ಕಾರಕ್ಕೆ."

ಅವಳಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಅವಳ ಮುಖ ಬದಲಾದದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ದಿನ ಅವಳು ಒಳಗೊಳಗೇ ತನ್ನ ಚಿತ್ರ ಅವರಿಗೆ ಹಿಡಿಸಲಿಲ್ಲವೇನೋ, ಅದನ್ನು ಹೇಳಲಾಗದೆ ಮುಂದೂಡುತ್ತಿದ್ದಾರೇನೋ ಎಂದುಕೊಂಡಿದ್ದಳಂತೆ. ಬಿಲ್ಲು ಕೊಟ್ಟ 18 ದಿನಕ್ಕೇ ಅವರು ಅದನ್ನು ಒಪ್ಪಿ, ಪುಸ್ತಕದಲ್ಲಿ ಬರೆದು, ಸರ್ಕಾರದ ಪಾಲನ್ನು ಕಳಿಸಿಯೂ ಆಗಿತ್ತು. ಹಿಡಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ. ಅದಕ್ಕೆ ತಪ್ಪಲಿಲ್ಲ. ಚಿತ್ರ ಬರೆದವಳ 75,600 ಮಾತ್ರ ಅವರಲ್ಲೇ ಉಳಿದಿತ್ತು.

ನಾನು ಅವಳಿಗೆ ಹೇಳಿದ್ದು ಇಷ್ಟು. ನಮ್ಮ ಬ್ಯಾಂಕಿಗೆ ಯಾರಾದರೂ ಬಂದು 75,600 ರೂಪಾಯಿ ಸಾಲ ಕೇಳಿದರೆ ನಾವು ಅರ್ಜಿ ಬರೆಸುತ್ತಿದ್ದೆವು, ಇಬ್ಬರ ಜಾಮೀನು ಕೇಳುತ್ತಿದ್ದೆವು, ಸಂಬಳದ ಚೀಟಿ ನೋಡುತ್ತಿದ್ದೆವು, ಬಡ್ಡಿ ಇಷ್ಟು ಎಂದು ಮೊದಲೇ ಸಹಿ ಹಾಕಿಸಿಕೊಳ್ಳುತ್ತಿದ್ದೆವು. ನಿನ್ನ ಹತ್ತಿರ ಆ ಕಂಪನಿ ಅರ್ಜಿಯೂ ಇಲ್ಲದೆ, ಜಾಮೀನೂ ಇಲ್ಲದೆ, ಬಡ್ಡಿಯೂ ಇಲ್ಲದೆ ಸಾಲ ತೆಗೆದುಕೊಂಡಿದೆ. ನೀನು ಕೇಳಿದರೆ ಭಿಕ್ಷೆ ಕೇಳಿದಂತಲ್ಲ, ಸಾಲ ವಸೂಲಿ ಮಾಡಿದಂತೆ. ವಸೂಲಿಗೆ ಹೋದವನು ಕ್ಷಮಿಸಿ ಎನ್ನುವುದಿಲ್ಲ. ಹಾಗಂತ ಕೂಗಾಡುವುದೂ ಇಲ್ಲ. ಲೆಕ್ಕ ತೋರಿಸುತ್ತಾನೆ.

ಲೆಕ್ಕಕ್ಕೆ ಬೆನ್ನೆಲುಬಾಗಿ ಒಂದು ಕಾನೂನೂ ಇದೆ. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದದ್ದು. ಉದ್ಯಮ ಎಂದರೆ ಕಾರ್ಖಾನೆಯೇ ಆಗಬೇಕಿಲ್ಲ. ಮನೆಯಲ್ಲಿ ಕೂತು ಚಿತ್ರ ಬರೆಯುವ ಒಬ್ಬಳೇ ಹುಡುಗಿಯೂ ಉದ್ಯಮ್ ಎಂಬ ಸರ್ಕಾರಿ ತಾಣದಲ್ಲಿ ಆಧಾರ್ ನಂಬರಿನಿಂದ ನೋಂದಾಯಿಸಿಕೊಂಡರೆ ಈ ಕಾನೂನಿನ ಲೆಕ್ಕದಲ್ಲಿ ಅತಿ ಸಣ್ಣ ಉದ್ಯಮವೇ. ನೋಂದಣಿಗೆ ಒಂದು ಪೈಸೆಯೂ ಇಲ್ಲ, ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಗೆ ಕೊಡಬೇಡಿ. ಕೆಲಸ ಹಿಡಿಯುವ ಮೊದಲೇ ಮಾಡಿಕೊಂಡಿರಬೇಕು, ಜಗಳ ಬಂದ ಮೇಲೆ ಓಡಿದರೆ ಅದೇ ಒಂದು ವಾದವಾಗುತ್ತದೆ. ಪುಟ್ಟಿ ಹಿಂದಿನ ವರ್ಷವೇ ಮಾಡಿಕೊಂಡಿದ್ದಳು. ಬಣ್ಣ ತುಂಬುವ ಆ ಸ್ನೇಹಿತೆಯ ಅಣ್ಣ ಹೇಳಿದ್ದನಂತೆ. ಪುಣ್ಯಾತ್ಮ.

ಆ ಕಾನೂನಿನ ಪ್ರಕಾರ ಸಣ್ಣವರಿಂದ ಕೆಲಸ ಪಡೆದವರು ಒಪ್ಪಂದದಲ್ಲಿ ಹೇಳಿದ ದಿನಕ್ಕೆ ಹಣ ಕೊಡಬೇಕು. ಒಪ್ಪಂದದಲ್ಲಿ 60 ದಿನ, 90 ದಿನ ಎಂದು ಬರೆದುಕೊಂಡಿದ್ದರೂ ಕಾನೂನು 45 ದಿನಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಒಪ್ಪಂದದಲ್ಲಿ ದಿನವನ್ನೇ ಹೇಳಿರದಿದ್ದರೆ 15 ದಿನ. ಕೆಲಸ ಸರಿಯಿಲ್ಲ ಎಂದು ತಕರಾರಿದ್ದರೆ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು, ಇಲ್ಲದಿದ್ದರೆ ಒಪ್ಪಿದಂತೆ. ದಿನ ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ಪ್ರತಿ ತಿಂಗಳು ಚಕ್ರಬಡ್ಡಿ.

ಶಾಲೆಯ ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ. ಆಗ ಬ್ಯಾಂಕ್ ದರ ಶೇಕಡಾ 6.75. ಮೂರರಿಂದ ಗುಣಿಸಿದರೆ 20.25. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1.6875. ಆಗಸ್ಟ್ 12ರಿಂದ 45 ದಿನ ಎಂದರೆ ಸೆಪ್ಟೆಂಬರ್ 26. ಅಲ್ಲಿಂದ ಮೊದಲ ತಿಂಗಳು 75,600ಕ್ಕೆ ಬಡ್ಡಿ 1,275 ರೂಪಾಯಿ 75 ಪೈಸೆ. ಎರಡನೆಯ ತಿಂಗಳು ಆ ಬಡ್ಡಿಯೂ ಅಸಲಿಗೆ ಸೇರಿ 76,875 ರೂಪಾಯಿ 75 ಪೈಸೆಗೆ ಬಡ್ಡಿ, 1,297 ರೂಪಾಯಿ 28 ಪೈಸೆ. ಎರಡು ತಿಂಗಳಿಗೆ ಒಟ್ಟು 2,573 ರೂಪಾಯಿ 3 ಪೈಸೆ. ಪುಟ್ಟಿ ಫೋನಿನಲ್ಲಿ ಹಾಕಿ ನೋಡಿದಳು, ನಾನು ಹಳೆಯ ಲಕೋಟೆಯ ಹಿಂದೆ ಹಾಕಿದೆ. ಮೂರು ಪೈಸೆಯೂ ತಾಳೆಯಾಯಿತು. ಎಷ್ಟೋ ದಿನದ ಮೇಲೆ ಆವತ್ತು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಬಿಲ್ಲನ್ನು ನೋಡಿದೆ. ಚಿತ್ರ ಬರೆಯುವವರ ಬಿಲ್ಲು ಚಂದವಾಗಿಯೇ ಇರುತ್ತದೆ, ಮೂಲೆಯಲ್ಲಿ ಒಂದು ಅಳಿಲೂ ಇತ್ತು. ಬಿಲ್ ನಂಬರು ಇರಲಿಲ್ಲ, ಕಂಪನಿಯ ಆದೇಶದ ನಂಬರು ಇರಲಿಲ್ಲ, ಯಾವ ದಿನದೊಳಗೆ ಹಣ ಬರಬೇಕು ಎಂಬುದು ಇರಲಿಲ್ಲ. ಫೈಲಿನ ಹೆಸರು ಬಿಲ್ ಫೈನಲ್ ಫೈನಲ್ 2. ಬಿಲ್ಲು ಪಾಸು ಮಾಡುವವನಿಗೆ ನೆಪ ಸಿಗದ ಹಾಗೆ ಬರೆಯಬೇಕು ಎಂದು ಹೇಳಿ ಹೊಸದನ್ನು ಮಾಡಿಸಿದೆ. ಉದ್ಯಮ್ ನೋಂದಣಿಯ ನಂಬರನ್ನು ಮೇಲೆಯೇ ಹಾಕಿಸಿದೆ. ಅಳಿಲು ಇರಲಿ ಎಂದೆ.

ಇನ್ನೊಂದು ಕೇಳಿದೆ: ನೀನು ಬರೆಯುತ್ತಿರುವುದು ಯಾರಿಗೆ? ಪುಸ್ತಕದ ಸಂಪಾದಕಿಗೆ ಎಂದಳು. ಆಕೆ ಒಳ್ಳೆಯವರೇ, ಆದರೆ ದುಡ್ಡು ಕೊಡುವವರು ಅವರಲ್ಲ. ಯಾವ ಕಚೇರಿಯಲ್ಲೂ ಕೆಲಸ ಹೇಳುವವರು ಬೇರೆ, ಬಿಲ್ಲು ಬರೆದುಕೊಳ್ಳುವವರು ಬೇರೆ, ಪಾಸು ಮಾಡುವವರು ಬೇರೆ. ನಮ್ಮಲ್ಲಿ ಮ್ಯಾನೇಜರಿಗೆ ನಮಸ್ಕಾರ ಹೇಳಿ ಕೂತವರಿಗಿಂತ ಮೂಲೆಯ ಮೇಜಿನ ಗುಮಾಸ್ತನನ್ನು ಹುಡುಕಿಕೊಂಡು ಬಂದವರ ಕೆಲಸ ಬೇಗ ಆಗುತ್ತಿತ್ತು. ಅಕೌಂಟ್ಸ್ ವಿಭಾಗದ ಮುಖ್ಯಸ್ಥರ ವಿಳಾಸ ಹುಡುಕಿಸಿದೆ.

ಪತ್ರದ ಒಕ್ಕಣೆ ನಾನು ಹೇಳಿದೆ. ವಿಷಯ, ಉಲ್ಲೇಖ, ಮಾನ್ಯರೇ ಎಂದು ಆರಂಭಿಸಿ ಎರಡು ಪುಟ ಆಯಿತು. "ತಾತ, ಇಷ್ಟು ಉದ್ದ ಯಾರೂ ಓದಲ್ಲ" ಎಂದು ಒಂಬತ್ತು ಸಾಲಿಗೆ ಇಳಿಸಿದಳು. ನನಗೆ ಸ್ವಲ್ಪ ಬೇಸರವಾಯಿತು, ಆದರೆ ಓದಿದಾಗ ಏನೂ ಬಿಟ್ಟುಹೋಗಿರಲಿಲ್ಲ. ಬಿಲ್ಲಿನ ನಂಬರು, ಮೊತ್ತ, ಚಿತ್ರ ಕೊಟ್ಟ ದಿನ. ಆಗಸ್ಟ್ 30ರಂದು ನೀವೇ ನಿಮ್ಮ ಪುಸ್ತಕದಲ್ಲಿ ಜಮಾ ಬರೆದು ತೆರಿಗೆ ಕಟ್ಟಿದ್ದೀರಿ, ಪಟ್ಟಿ ಜೊತೆಗಿದೆ. 45 ದಿನ ಸೆಪ್ಟೆಂಬರ್ 26ಕ್ಕೆ ಮುಗಿದಿದೆ. ಬಡ್ಡಿಯ ಲೆಕ್ಕ ಜೊತೆಗಿದೆ. ಹಣ ಯಾವ ದಿನ ಹಾಕುತ್ತೀರಿ ಎಂದು ಏಳು ದಿನದೊಳಗೆ ತಿಳಿಸಿ. ಕೊನೆಗೆ ನಗುವ ಮುಖ ಹಾಕಲು ಹೊರಟವಳನ್ನು ಅಜ್ಜಿಯೇ ತಡೆದಳು. "ಬಾಕಿ ಕೇಳುವಾಗ ಹಲ್ಲು ಕಿರಿಯಬಾರದು ಕಣೇ." ನವೆಂಬರ್ 25ರ ಸೋಮವಾರ ಬೆಳಿಗ್ಗೆ ಕಳಿಸಿದಳು, ಸಂಪಾದಕಿಗೂ ಒಂದು ಪ್ರತಿ.

ಬುಧವಾರ ಅಕೌಂಟ್ಸಿನಿಂದ ಒಬ್ಬರು ಫೋನು ಮಾಡಿದರು. ಬಹಳ ಮರ್ಯಾದೆಯ ಮನುಷ್ಯ. ಪರಿಶೀಲನೆ ಎಂಬ ಮಾತನ್ನೇ ಎತ್ತಲಿಲ್ಲ. ಡಿಸೆಂಬರ್ 2ಕ್ಕೆ 40,000 ಬಂತು, 19ಕ್ಕೆ ಉಳಿದ 35,600. ಪುಟ್ಟಿ ಚೀಲಗಳೊಂದಿಗೆ ಬೆಂಗಳೂರಿಗೆ ಹೋದಳು.

ಬಾರದೇ ಇದ್ದಿದ್ದರೆ? ಅದಕ್ಕೂ ದಾರಿ ಇತ್ತು. ಇಂಥ ಬಾಕಿಗಳಿಗೆಂದೇ ಸಮಾಧಾನ್ ಎಂಬ ಸರ್ಕಾರಿ ತಾಣ 2017ರಿಂದ ಇತ್ತು. ಅಲ್ಲಿ ದೂರು ಕೊಟ್ಟರೆ ಅದು ರಾಜ್ಯದ ಮಂಡಳಿಯ ಮುಂದೆ ಹೋಗುತ್ತಿತ್ತು. ಮೊದಲು ರಾಜಿ, ಆಗದಿದ್ದರೆ ತೀರ್ಪು. ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗಬೇಕೆಂದರೆ ಕಂಪನಿ ಮೊದಲು ಮುಕ್ಕಾಲು ಪಾಲು ಹಣವನ್ನು ಠೇವಣಿ ಇಡಬೇಕು. ಇದೆಲ್ಲಕ್ಕಿಂತ ಹರಿತವಾದ ಕತ್ತಿ 2024ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು. ಇಂಥ ಸಣ್ಣವರಿಗೆ ಕಾಲಕ್ಕೆ ಸರಿಯಾಗಿ ಕೊಡದ ಹಣವನ್ನು, ನಿಜವಾಗಿ ಕೊಡುವ ತನಕ ಕಂಪನಿ ತನ್ನ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚು ಎಂದು ತೋರಿಸುವಂತಿಲ್ಲ. ಆ ಮರ್ಯಾದೆಯ ಮನುಷ್ಯನ ಮರ್ಯಾದೆಗೆ ಇದೂ ಕಾರಣವಿರಬಹುದು ಎಂದು ನನ್ನ ಅನುಮಾನ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕುವವರಿಗೆ ಮೂರು ವರ್ಷದ ಅವಧಿ ಇದೆ. ಅದು ಮುಗಿಯುವ ಮೊದಲು ಬಾಕಿ ಇದೆ ಎಂದು ಅವರ ಸಹಿಯಿರುವ ಬರವಣಿಗೆ ಸಿಕ್ಕರೆ ಅಲ್ಲಿಂದ ಮತ್ತೆ ಮೂರು ವರ್ಷ. ಅದಕ್ಕೇ ಫೋನಿನಲ್ಲಿ ಮಾತಾಡಿದ್ದನ್ನೂ ಆಮೇಲೆ ಬರೆದು ಕಳಿಸಬೇಕು.

ಬಡ್ಡಿಯನ್ನು ಅವರು ಕೊಡಲಿಲ್ಲ. ಇಲ್ಲಿ ನನಗೂ ಪುಟ್ಟಿಗೂ ಒಮ್ಮತವಿಲ್ಲ. ಕೇಳು, ನಿನ್ನ ಹಕ್ಕು ಎಂದೆ. "ಬೇಡ ತಾತ. ಆ ಸಂಪಾದಕಿ ಮತ್ತೆ ಕೆಲಸ ಕೊಡ್ತಾರೆ. ಬಡ್ಡಿ ಬದಲು ಮುಂದಿನ ಸಲ ಅರ್ಧ ಮುಂಗಡ ಕೇಳ್ತೀನಿ" ಎಂದಳು. ಕೇಳಿದಳು ಕೂಡ, ಅವರು ಮೂರನೇ ಒಂದು ಪಾಲಿಗೆ ಒಪ್ಪಿದರು. ಅಜ್ಜಿ ಅವಳ ಪಕ್ಷ. ವ್ಯಾಪಾರದ ದೃಷ್ಟಿಯಿಂದ ಅವರಿಬ್ಬರದು ಸರಿಯಿರಬಹುದು. ನನ್ನ ಲಕೋಟೆಯಲ್ಲಿ 2,573 ರೂಪಾಯಿ 3 ಪೈಸೆ ಬಾಕಿ ಎಂದೇ ಇದೆ, ಡಿಸೆಂಬರಿನದು ಬೇರೆ ಸೇರಬೇಕು.

ನನ್ನ ವಯಸ್ಸಿನವರಿಗೆ ಒಂದು ಮಾತು. ಹೆಣ್ಣುಮಕ್ಕಳು ದುಡ್ಡಿನ ಮಾತಾಡಬಾರದು, ಕಲಾವಿದರು ದುಡ್ಡಿನ ಮಾತಾಡಬಾರದು ಎಂದು ಅವಳ ಕಿವಿಗೆ ಹಾಕಿದವರು ಯಾವ ಕಂಪನಿಯವರೂ ಅಲ್ಲ, ನಮ್ಮ ಮನೆಗೇ ಬಂದು ಹೋಗುವ ನಂಟರಿಷ್ಟರು. ಇಸ್ತ್ರಿಯವನಿಗೆ, ಹೂವಿನವಳಿಗೆ, ಬ್ಲೌಸು ಹೊಲಿದವಳಿಗೆ ಚಿಲ್ಲರೆ ಇಲ್ಲ ಎಂದು ವಾರ ತಳ್ಳುವವರೂ ಅವರೇ. ನಮ್ಮ ಮನೆಯಲ್ಲಿ ಈಗ ಹೂವಿನವಳ ಲೆಕ್ಕ ಶನಿವಾರಕ್ಕೆ ಚುಕ್ತಾ. ಇದು ಪುಟ್ಟಿ ಮಾಡಿದ ನಿಯಮ.

ಪುಟ್ಟಿಗೆ ಉದ್ದ ಪುಸ್ತಕವೊಂದನ್ನು ತಂದುಕೊಟ್ಟು ಗೆರೆ ಹಾಕಿಕೊಟ್ಟಿದ್ದೇನೆ. ಬಿಲ್ ನಂಬರು, ಯಾರಿಗೆ, ಎಷ್ಟು, ಕೊಟ್ಟ ದಿನ, ಬರಬೇಕಾದ ದಿನ, ಬಂದ ದಿನ. ಫೋನಿನಲ್ಲೇ ಇದಕ್ಕೆಲ್ಲ ವ್ಯವಸ್ಥೆ ಇದೆಯಂತೆ. ಇರಲಿ, ಪುಸ್ತಕವೂ ಇರಲಿ ಎಂದೆ. ಬರಬೇಕಾದ ದಿನಕ್ಕೆ ಒಂದು ವಾರ ಮೊದಲೇ ಫೋನು ಮಾಡಿ ಬಿಲ್ಲು ಪಾಸಾಗಿದೆಯೇ ಎಂದು ಕೇಳುವುದು ಅವಳ ಈಗಿನ ಅಭ್ಯಾಸ. ದಿನ ಕಳೆದ ಮೇಲೆ ಕೇಳಿದರೆ ದೂರು ಹೇಳಿದಂತಾಗುತ್ತದೆ, ಮೊದಲೇ ಕೇಳಿದರೆ ವಿಚಾರಿಸಿದಂತೆ.

ಹೋದ ವಾರ ಊರಿಗೆ ಬಂದಿದ್ದಾಗ ನನ್ನೆದುರಿಗೇ ಒಂದು ಶಾಲೆಗೆ ಹಾಗೆ ಫೋನು ಮಾಡಿದಳು. ಗೋಡೆಯ ಮೇಲೆ ಚಿತ್ರ ಬರೆದದ್ದಕ್ಕೆ 14,000 ಬರಬೇಕು, 20ನೇ ತಾರೀಖಿಗೆ. ಒಂದು ಸಲವೂ ಕ್ಷಮಿಸಿ ಎನ್ನಲಿಲ್ಲ, ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಫೋನಿಟ್ಟು ಹೇಳಿದಳು, "ಬಿಲ್ಲು ಪಾಸಾಗಿದೆ ತಾತ. ಖಾತೆ ನನ್ನದೇ ಅಂತ ತೋರಿಸೋಕೆ ರದ್ದು ಮಾಡಿದ ಚೆಕ್ ಒಂದು ಬೇಕಂತೆ. ಹಾಗಂದ್ರೇನು?"

ಅವಳ ಚೆಕ್ ಪುಸ್ತಕ ಬ್ಯಾಂಕಿನವರು ಕೊಟ್ಟ ಲಕೋಟೆಯಲ್ಲಿ ಹಾಗೇ ಇತ್ತು, ಒಂದು ಹಾಳೆಯನ್ನೂ ಬಳಸಿರಲಿಲ್ಲ. ಮೊದಲ ಹಾಳೆಗೆ ಎರಡು ಅಡ್ಡ ಗೆರೆ ಎಳೆದು ಮಧ್ಯೆ "ರದ್ದು" ಎಂದು ಬರೆಯುವುದು ಹೇಗೆಂದು ತೋರಿಸಿದೆ. ನಂಬರಿನ ಮೇಲೆ ಗೆರೆ ಬೀಳಬಾರದು, ಸಹಿ ಹಾಕಬಾರದು ಎಂದೆ. ಗೆರೆಯನ್ನು ಅವಳೇ ಎಳೆದಳು, ಸ್ಕೇಲು ಇಲ್ಲದೆ, ನೇರವಾಗಿ.